ಮೂವತ್ತು ಪ್ರಮಾಣಪತ್ರ, ಒಂದು ನೋಟುಪುಸ್ತಕ: ಶಿಕ್ಷಕರ ಆನ್‌ಲೈನ್ ಕೋರ್ಸುಗಳ ಜೊತೆ ಐದು ವರ್ಷ

ತರಬೇತಿಯ ಕೊನೆಯ ದಿನ ಸಂಜೆ ನಾಲ್ಕೂವರೆಗೆ ಹಿಮ್ಮಾಹಿತಿ ನಮೂನೆ ಕೈಗೆ ಬರುತ್ತದೆ. ಐದರ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಹಾಗಾಗಿ ಎಲ್ಲರೂ ‘ತರಬೇತಿಯು ಬಹಳ ಉಪಯುಕ್ತವಾಗಿತ್ತು’ ಎಂದು ಬರೆದು, ಸಹಿ ಮಾಡಿ, ಚೀಲ ಎತ್ತಿಕೊಂಡು ಓಡುತ್ತೇವೆ. ಇಪ್ಪತ್ತೊಂದು ವರ್ಷಗಳ ಸೇವೆಯಲ್ಲಿ ಆ ಒಂದು ವಾಕ್ಯವನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ಈ ವಿಮರ್ಶೆಯನ್ನು ಅದಕ್ಕೆ ಪ್ರಾಯಶ್ಚಿತ್ತ ಎಂದುಕೊಳ್ಳಿ. ಇಲ್ಲಿ ಹೇಳುವ ಕೋರ್ಸುಗಳಲ್ಲಿ ಮೊದಲನೆಯದನ್ನು ಶುರು ಮಾಡಿ ಐದು ವರ್ಷ ಆಗಿದೆ. ಅದರಲ್ಲಿ ಏನು ಉಳಿಯಿತು, ಏನು ಸೋರಿಹೋಯಿತು ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

ನಾನು ವಿಜಯಪುರ ಜಿಲ್ಲೆಯ ಒಂದು ತಾಂಡಾದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನಡೆಸುತ್ತೇನೆ; ಅಂದರೆ ಮಕ್ಕಳು ಕಲಿಕೆಯ ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅವರ ಮನೆಮಾತು ಲಂಬಾಣಿ. ದೀಪಾವಳಿ ಮುಗಿಯುತ್ತಿದ್ದಂತೆ ಅರ್ಧ ತಾಂಡಾ ಕಬ್ಬು ಕಡಿಯಲು ಗುಳೆ ಹೋಗುತ್ತದೆ. ಕೆಲವು ಮಕ್ಕಳು ಅಜ್ಜಿಯ ಜೊತೆ ಉಳಿಯುತ್ತಾರೆ, ಉಳಿದವರು ಯುಗಾದಿಯ ಹೊತ್ತಿಗೆ ಅರ್ಧ ಅಕ್ಷರ ಮರೆತು ಮರಳುತ್ತಾರೆ. ಯಾವ ಕೋರ್ಸನ್ನಾದರೂ ನಾನು ತೂಗುವುದು ಈ ಕೋಣೆಯ ತಕ್ಕಡಿಯಲ್ಲಿ. ಪೇಟೆಯ ಶಾಲೆಯವರಿಗೆ ಬೇರೆ ತೂಕ ಬರಬಹುದು.

ಮೊದಲು ಸರ್ಕಾರಿ ಕೋರ್ಸುಗಳ ವಿಷಯ. ‘ನಿಷ್ಠಾ’ ಎಂಬ ರಾಷ್ಟ್ರೀಯ ಶಿಕ್ಷಕರ ತರಬೇತಿ 2019ರ ಆಗಸ್ಟ್‌ನಲ್ಲಿ ಆರಂಭವಾದಾಗ ಅದು ಮುಖಾಮುಖಿ ತರಬೇತಿಯಾಗಿತ್ತು. ದೇಶದ ಸುಮಾರು 42 ಲಕ್ಷ ಪ್ರಾಥಮಿಕ ಹಂತದ ಶಿಕ್ಷಕರನ್ನು ತಲುಪುವುದು ಅದರ ಗುರಿ. ಕೊರೋನಾ ಬಂದಿತು, ಶಾಲೆ ಮುಚ್ಚಿದವು, 2020ರ ಅಕ್ಟೋಬರ್‌ನಿಂದ ತರಬೇತಿ ‘ದೀಕ್ಷಾ’ ಎಂಬ ಸರ್ಕಾರಿ ಕಲಿಕಾ ಆ್ಯಪ್‌ಗೆ ಬಂದಿತು. ಮೊದಲ ಸುತ್ತಿನಲ್ಲಿ 18 ಮಾಡ್ಯೂಲ್‌ಗಳು, ಅಂದರೆ ಒಂದೊಂದು ವಿಷಯದ ಪುಟ್ಟ ಕೋರ್ಸುಗಳು. ಮುಂದಿನ ವರ್ಷ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನದ ಮೇಲೆ ಇನ್ನೂ 12. ಎರಡೂ ಸೇರಿ ಮೂವತ್ತು. ಮೂವತ್ತರ ಪ್ರಮಾಣಪತ್ರವೂ ನನ್ನ ಮೊಬೈಲ್‌ನಲ್ಲಿ ಪಿಡಿಎಫ್ ರೂಪದಲ್ಲಿ ಕುಳಿತಿವೆ.

ಈ ಮೂವತ್ತರಲ್ಲಿ ಮೊದಲ ಏಳೆಂಟನ್ನು ನಾನು ಹೇಗೆ ಮುಗಿಸಿದೆ ಎಂದು ಹೇಳಿಬಿಡುತ್ತೇನೆ. ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ವಿಡಿಯೊ ಓಡಲು ಬಿಟ್ಟು, ರೊಟ್ಟಿ ಬಡಿಯುತ್ತಿದ್ದೆ. ‘ಮುಂದೆ’ ಎಂಬ ಗುಂಡಿ ಬಂದಾಗ ಹಿಟ್ಟು ಮೆತ್ತಿದ ಬೆರಳಿನಿಂದಲೇ ಒತ್ತುತ್ತಿದ್ದೆ. ಕೊನೆಯ ಪರೀಕ್ಷೆಗೆ ವಾಟ್ಸಾಪ್ ಗುಂಪಿನಲ್ಲಿ ಯಾರೋ ಪುಣ್ಯಾತ್ಮರು ಉತ್ತರಗಳನ್ನು ಹಾಕಿರುತ್ತಿದ್ದರು. ಇದರಲ್ಲಿ ಕೋರ್ಸಿನ ತಪ್ಪೇನಿಲ್ಲ, ತಪ್ಪು ನನ್ನದು. ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ‘ವಿದ್ಯಾಗಮ’ವೂ ಆಗ ನಿಂತಿತ್ತು, ಮಕ್ಕಳು ಮುಂದಿರಲಿಲ್ಲ, ಕಲಿತದ್ದನ್ನು ಯಾರ ಮೇಲೆ ಪ್ರಯೋಗಿಸಬೇಕು ಎಂಬ ನೆಪವೂ ಇತ್ತು. ಆರೋಗ್ಯ, ಲಿಂಗ ಸಮಾನತೆ, ಕಲೆಯನ್ನು ಪಾಠದೊಳಗೆ ಬೆಸೆಯುವುದು ಎಂದು ಏನೇನೋ ಕಣ್ಣ ಮುಂದೆ ಹಾದುಹೋದವು. ಆ ಸುತ್ತಿನಲ್ಲಿ ಒಲೆ ಆರಿಸಿ ಕುಳಿತು ನೋಡಿದ್ದು ಮಕ್ಕಳ ಹಕ್ಕು ಮತ್ತು ಪೋಕ್ಸೊ ಕಾಯ್ದೆಯ ಮಾಡ್ಯೂಲ್ ಒಂದನ್ನೇ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಕಾಯ್ದೆ ಅದು; ವಿಷಯ ತಿಳಿದ ಮೇಲೆ ವರದಿ ಮಾಡದೆ ಸುಮ್ಮನಿರುವುದೂ ಅಪರಾಧ ಎಂಬುದು ನನಗೆ ಅಲ್ಲಿಯವರೆಗೆ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಮರುದಿನವೇ 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದೆವು. ಇಂದಿಗೂ ಇದೆ.

ಎರಡನೆಯ ಸುತ್ತು ಬೇರೆಯಾಯಿತು. ಅದಕ್ಕೆ ಕಾರಣ ನಮ್ಮ ಅತಿಥಿ ಶಿಕ್ಷಕಿ.

ಆಕೆ ಅದೇ ತಾಂಡಾದ ಹುಡುಗಿ, ಡಿ.ಇಡಿ. ಮುಗಿಸಿದವಳು. ತರಬೇತಿಯ ಗುರಿ, ಪಟ್ಟಿ, ಆದೇಶ ಯಾವುದರಲ್ಲೂ ಅವಳ ಹೆಸರಿರಲಿಲ್ಲ. ಮಧ್ಯಾಹ್ನ ಬಿಸಿಯೂಟದ ನಂತರ ನಾನು ಮೊಬೈಲ್ ಹಿಡಿದು ಕುಳಿತರೆ “ಅಕ್ಕೋರೇ, ನಾನೂ ನೋಡಲೇ?” ಎಂದು ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಪಕ್ಕದಲ್ಲಿ ಒಬ್ಬರು ಕುಳಿತಿದ್ದರೆ ವಿಡಿಯೊವನ್ನು ಸುಮ್ಮನೆ ಓಡಿಸಲು ನಾಚಿಕೆಯಾಗುತ್ತದೆ. ನಿಲ್ಲಿಸಿದೆವು, ಮಾತಾಡಿದೆವು, ಜಗಳವನ್ನೂ ಆಡಿದೆವು. ಮೂರು ನಾಲ್ಕು ಗಂಟೆಯ ಒಂದು ಮಾಡ್ಯೂಲ್‌ಗೆ ಎರಡು ವಾರ ಹಿಡಿಯುತ್ತಿತ್ತು. ತಿಂಗಳಿಗೆ ಎರಡರಂತೆ ಬರುತ್ತಿದ್ದ ಕೋರ್ಸುಗಳಿಗೆ ಅದು ಹೇಳಿ ಮಾಡಿಸಿದ ವೇಗ.

ಬಹುಭಾಷಾ ಶಿಕ್ಷಣದ ಮಾಡ್ಯೂಲ್ ಬಂದಾಗ ನಾನು ಕಲಿಸುತ್ತಿದ್ದ ರೀತಿಯೇ ಅಲುಗಾಡಿತು. ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ‘ರ, ಗ, ಸ, ದ, ಅ’ ಎಂದು ಶುರುವಾಗುತ್ತದೆ ಎಂಬುದು ಶಿಕ್ಷಕರಿಗೆಲ್ಲ ಗೊತ್ತು. ಈ ಐದು ಅಕ್ಷರಗಳಿಂದ ಅರಸ, ಅಗಸ, ಸರ, ದಸರ, ಗರಗಸ ಎಂದು ಮಕ್ಕಳು ಓದತೊಡಗಿದರೆ ನನಗೆ ಪರಮಾನಂದ. ಮಗುವಿನ ಕಲಿಕೆ ದಾಖಲಿಸುವ ಪ್ರಗತಿನೋಟದಲ್ಲಿ ಗುರುತು ಹಾಕಿ ಮುಂದಿನ ಕಾರ್ಡಿಗೆ ಕಳಿಸುತ್ತಿದ್ದೆ. ಮಾಡ್ಯೂಲ್‌ನ ಒಂದು ಚಟುವಟಿಕೆ ಹೇಳಿತು: ಮಗು ಓದಿದ ಪದದ ಅರ್ಥವನ್ನು ಅದರದೇ ಮಾತಿನಲ್ಲಿ ಕೇಳಿ ನೋಡಿ. ನಮ್ಮ ಅತಿಥಿ ಶಿಕ್ಷಕಿ ಲಂಬಾಣಿಯಲ್ಲಿ ಕೇಳಿದಳು. ‘ಅಗಸ’ ಎಂದು ಸ್ಪಷ್ಟವಾಗಿ ಓದಿದ ಹುಡುಗನೊಬ್ಬ ಆಕಾಶ ತೋರಿಸಿದ. ‘ಗರಗಸ’ ಒಂದು ಹಾವು ಎಂದು ಇನ್ನೊಬ್ಬಳು ಹೇಳಿದಳು. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಸದ್ದನ್ನು ಓದಿಸಿ ಓದು ಬಂದಿತು ಎಂದುಕೊಂಡಿದ್ದೆ.

ಅಂದು ಇನ್ನೂರು ಪುಟದ ನೋಟುಪುಸ್ತಕವೊಂದನ್ನು ತಂದೆವು. ಎಡಕ್ಕೆ ಲಂಬಾಣಿ ಪದ, ಬಲಕ್ಕೆ ಕನ್ನಡ. ಯಾಡಿ ಎಂದರೆ ತಾಯಿ, ಬಾಟಿ ಎಂದರೆ ರೊಟ್ಟಿ, ಪಾಣಿ ಎಂದರೆ ನೀರು. ಮೊದಲ ವಾರ ಪದ ಕೊಟ್ಟವಳು ಅತಿಥಿ ಶಿಕ್ಷಕಿ. ಆಮೇಲೆ ಅಡುಗೆಯ ಅಕ್ಕ ಸೇರಿಕೊಂಡಳು, ಆಮೇಲೆ ಮಕ್ಕಳೇ. ‘ಅಕ್ಕೋರಿಗೆ ನಮ್ಮ ಮಾತು ಬರುವುದಿಲ್ಲ’ ಎಂಬುದೇ ಅವರಿಗೆ ದೊಡ್ಡ ಮೋಜು. ನಾನು ತಪ್ಪಾಗಿ ಉಚ್ಚರಿಸಿದಾಗ ಬಿದ್ದು ಬಿದ್ದು ನಕ್ಕು ತಿದ್ದುತ್ತಾರೆ. ತಿದ್ದುವ ಭರದಲ್ಲಿ ಕನ್ನಡದಲ್ಲಿ ನಾಲ್ಕು ಮಾತು ಆಡುತ್ತಾರೆ. ಆ ಪುಸ್ತಕ ಈಗ ಮೂರನೆಯದು. ಪ್ರತಿ ಜೂನ್‌ನಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳ ಜೊತೆ ಮೊದಲ ತಿಂಗಳು ಕಾರ್ಡಿನ ಚೀಲ ಬಿಚ್ಚುವ ಮೊದಲು ಅದನ್ನೇ ಬಿಚ್ಚುತ್ತೇವೆ.

ಆಟಿಕೆ ಆಧಾರಿತ ಕಲಿಕೆಯ ಮಾಡ್ಯೂಲ್ ಬಗ್ಗೆ ನನಗೆ ಮೊದಲು ಅಸಡ್ಡೆ ಇತ್ತು. ಆಟಿಕೆ ಕೊಳ್ಳಲು ದುಡ್ಡೆಲ್ಲಿದೆ ಎಂಬ ಹಳೆಯ ರಾಗ. ಆದರೆ ಅದರ ತಿರುಳು ಊರಿನ ಆಟಗಳನ್ನೇ ಬಳಸಿ ಎಂಬುದು. ಹುಣಸೆಬೀಜವನ್ನು ಒಂದು ಬದಿ ಬಂಡೆಗೆ ತೇಯ್ದು ಬೆಳ್ಳಗಾಗಿಸಿದರೆ ಚೌಕಾಬಾರದ ಕವಡೆ ಸಿದ್ಧ. ನೆಲದ ಮೇಲೆ ಸುಣ್ಣದ ಚೌಕ ಬರೆದೆವು. ನಾಲ್ಕು ಬೀಜ ಎಸೆದಾಗ ಬಿಳಿ ಎಷ್ಟು, ಕಪ್ಪು ಎಷ್ಟು, ಎರಡೂ ಸೇರಿದರೆ ಯಾವಾಗಲೂ ಎಷ್ಟು? ನಾಲ್ಕನ್ನು ಒಡೆಯುವುದು, ಕೂಡಿಸುವುದು ಆಟದಲ್ಲೇ ಬಂದಿತು. ಇದನ್ನು ಹತ್ತು ಬೀಜಕ್ಕೆ ಹಿಗ್ಗಿಸಿದ್ದೇವೆ. ಗುಳೆಯಿಂದ ಮರಳಿದ ಮಗುವನ್ನು ನೇರವಾಗಿ ಕಾರ್ಡಿನ ಮುಂದೆ ಕೂರಿಸಿದರೆ ಅದು ಮುದುಡುತ್ತದೆ, ಈ ಚೌಕದ ಮುಂದೆ ಕೂರಿಸಿದರೆ ಎರಡೇ ದಿನಕ್ಕೆ ಗೆಳೆಯರ ಜೊತೆ ಜಗಳಕ್ಕೆ ಬೀಳುತ್ತದೆ. ಜಗಳಕ್ಕೆ ಬಿತ್ತೆಂದರೆ ಮರಳಿ ಬಂದಿತೆಂದೇ ಲೆಕ್ಕ.

ಉಳಿದ ಹತ್ತರಲ್ಲಿ ಮೌಲ್ಯಾಂಕನದ್ದು ಪರವಾಗಿಲ್ಲ. ಪೋಷಕರನ್ನು ಒಳಗೊಳ್ಳುವುದರ ಬಗ್ಗೆ ಹೇಳಿದ್ದು ಊರಲ್ಲೇ ಇರುವ ಪೋಷಕರಿಗೆ ಸರಿ. ಮಿಕ್ಕವು ನೆನಪಿನಲ್ಲಿಲ್ಲ, ಅದೂ ಒಂದು ವಿಮರ್ಶೆಯೇ.

ಬಳಕೆಯ ಬಗ್ಗೆ ಎರಡು ಮಾತು, ಹೊಸಬರಿಗೆ ಉಪಯೋಗಕ್ಕೆ ಬಂದೀತು. ನಾನು ಮಾಡಿದ ಹೆಡ್ಡತನ ಎಂದರೆ ಒಮ್ಮೆ ಮೊಬೈಲ್ ಸಂಖ್ಯೆಯಿಂದ, ಇನ್ನೊಮ್ಮೆ ಜಿಮೇಲ್‌ನಿಂದ ಪ್ರವೇಶಿಸಿ ಎರಡು ಖಾತೆ ಮಾಡಿಕೊಂಡದ್ದು. ಅರ್ಧ ಕೋರ್ಸು ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ. ದೀಕ್ಷಾದಲ್ಲಿ ಖಾತೆಗಳನ್ನು ವಿಲೀನಗೊಳಿಸುವ ಸೌಲಭ್ಯವಿದೆ, ಅದು ನನ್ನನ್ನು ಕಾಪಾಡಿತು. ನೆಟ್‌ವರ್ಕ್ ಇಲ್ಲದ ಕಡೆ ಡೌನ್‌ಲೋಡ್ ಮಾಡಿಕೊಂಡು ನೋಡಿದವರು ಮತ್ತೆ ನೆಟ್‌ವರ್ಕ್ ಸಿಕ್ಕಾಗ ಪ್ರಗತಿಯನ್ನು ಸಿಂಕ್ ಮಾಡುವ ಗುಂಡಿ ಒತ್ತಬೇಕು. ನಾನು ಅದಕ್ಕಾಗಿ ತಾಂಡಾದ ನೀರಿನ ಟ್ಯಾಂಕ್ ಬಳಿ ಹೋಗಿ ನಿಲ್ಲುತ್ತಿದ್ದೆ. ಎರಡನೆಯ ಸುತ್ತಿನ ಪರೀಕ್ಷೆಯಲ್ಲಿ ಮೂರು ಅವಕಾಶದೊಳಗೆ ಶೇಕಡಾ 70 ಪಡೆದರೆ ಮಾತ್ರ ಪ್ರಮಾಣಪತ್ರ. ಇಬ್ಬರು ಕೂತು ಚರ್ಚಿಸಿದವರಿಗೆ ಅದು ಕಷ್ಟವಲ್ಲ. ಆದರೆ ಬಹು ಆಯ್ಕೆಯ ಪ್ರಶ್ನೆ ನನ್ನ ನೆನಪನ್ನು ಅಳೆಯಬಹುದು, ನನ್ನ ತರಗತಿಯನ್ನು ಅಳೆಯಲಾರದು. ಇದು ಈ ಒಂದು ಕೋರ್ಸಿನ ಮಾತಲ್ಲ, ಪರದೆಯ ಮೇಲೆ ನಡೆಯುವ ಎಲ್ಲ ತರಬೇತಿಯ ಮಿತಿ.

ಇನ್ನು ದುಡ್ಡು ಕೊಟ್ಟು ಕೊಂಡ ಕೋರ್ಸು. 2023ರ ಬೇಸಿಗೆ ರಜೆಯಲ್ಲಿ ಒಂದು ಖಾಸಗಿ ಸಂಸ್ಥೆಯಿಂದ ಕರೆ ಬಂದಿತು. ಹೆಸರು ಬರೆಯುವುದಿಲ್ಲ, ಇಂತಹವು ಹತ್ತಾರು ಇವೆ, ನಿಮಗೂ ಕರೆ ಬಂದೇ ಇರುತ್ತದೆ. ವರ್ಷದ ಚಂದಾ 4,999 ರೂಪಾಯಿ, ‘ಇಂದೇ ಸೇರಿದರೆ’ 2,999. ಸೇರಿದೆ. ವಿಡಿಯೊಗಳು ಅಚ್ಚುಕಟ್ಟು, ಬೆಳಕು ಚೆನ್ನ, ಮಾತಾಡುವವರ ಉಡುಪು ಇನ್ನೂ ಚೆನ್ನ. ಮೂರನೇ ನಿಮಿಷಕ್ಕೆ “ಈಗ ಮಕ್ಕಳು ತಮ್ಮ ಟ್ಯಾಬ್ ತೆಗೆಯಲಿ” ಎಂದರು. ನನ್ನ ಮಕ್ಕಳಲ್ಲಿ ಸ್ಲೇಟು ಒಡೆಯದೆ ಇಟ್ಟುಕೊಂಡವರೇ ಕಡಿಮೆ. ಕನ್ನಡದ ಅಡಿಬರಹ ಯಂತ್ರ ಮಾಡಿದ್ದಿರಬೇಕು. ತರಗತಿ ನಿರ್ವಹಣೆ ಎಂದು ಬರಬೇಕಾದ ಕಡೆಯೆಲ್ಲ ‘ವರ್ಗದ ಆಡಳಿತ ಮಂಡಳಿ’ ಎಂದಿತ್ತು. ಮಗುವಿನ ತಪ್ಪು ಉತ್ತರದ ಹಿಂದಿನ ಯೋಚನೆಯನ್ನು ಕೆದಕಿ ಕೇಳುವುದು ಹೇಗೆ ಎಂಬ ಒಂದು ಪಾಠ ಮಾತ್ರ ನಿಜಕ್ಕೂ ಒಳ್ಳೆಯದಿತ್ತು. ‘ಯಾಕೆ ಹಾಗೆ ಅನ್ನಿಸಿತು?’ ಎಂದು ಗದರದೆ ಕೇಳುವುದನ್ನು ನಾನು ಅಲ್ಲಿಂದ ಕಲಿತೆ. ನಲವತ್ತು ನಿಮಿಷದ ಪಾಠಕ್ಕೆ ಮೂರು ಸಾವಿರ ರೂಪಾಯಿ. ವರ್ಷ ತುಂಬಿದಾಗ ಕೇಳದೆಯೇ ಮತ್ತೆ ಹಣ ಕಡಿತವಾಯಿತು, ಹಿಂದಕ್ಕೆ ಪಡೆಯಲು ಒಂಬತ್ತು ಮಿಂಚಂಚೆ ಬರೆದೆ. ಸೇರುವವರು ತಾನೇ ನವೀಕರಣವಾಗುವ ಆಯ್ಕೆಯನ್ನು ಮೊದಲ ದಿನವೇ ತೆಗೆದುಹಾಕಿ.

ಹೋಲಿಕೆಗೆ ಹಳೆಯದೊಂದನ್ನು ಹೇಳಬೇಕು. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ನಾವೆಲ್ಲ ಆರ್‌ಐಇಎಸ್‌ಐ ಎನ್ನುತ್ತೇವೆ. ಪ್ರಾಥಮಿಕ ಶಿಕ್ಷಕರಿಗೆ ಅಲ್ಲಿ 30 ದಿನಗಳ ಇಂಗ್ಲಿಷ್ ತರಬೇತಿ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದ ಮೇಲೆ ಕೆಲವು ವರ್ಷಕ್ಕೆ ನನ್ನನ್ನೂ ಕಳಿಸಿದರು. ಮನೆ ಬಿಟ್ಟು ಒಂದು ತಿಂಗಳು; ಮಗ ಚಿಕ್ಕವನಿದ್ದ, ಅತ್ತೆಯವರ ಮುಖ ಊದಿತ್ತು. ಆದರೆ ಆ ತಿಂಗಳಲ್ಲಿ ಕಲಿತ ಇಂಗ್ಲಿಷ್ ಶಿಶುಗೀತೆ, ಮಾತಿನ ಆಟಗಳು ಇಂದಿಗೂ ನನ್ನ ನಾಲಿಗೆಯಲ್ಲಿವೆ. ಅಲ್ಲಿ ರಾತ್ರಿ ಊಟದ ಸಾಲಿನಲ್ಲೂ ತಪ್ಪು ತಪ್ಪು ಇಂಗ್ಲಿಷ್ ಆಡುತ್ತ ನಿಂತಿರುತ್ತಿದ್ದೆವು, ಪಕ್ಕದಲ್ಲಿ ನಗುವವರೂ ತಿದ್ದುವವರೂ ಇದ್ದರು. ನಲಿ-ಕಲಿಯೂ ಹಾಗೆಯೇ ಹುಟ್ಟಿದ್ದು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಒಟ್ಟಿಗೆ ಕೂತು, ತಮ್ಮ ಮಕ್ಕಳಿಗೆ ತಾವೇ ಕಾರ್ಡು ಬರೆದರು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಅಭಿವೃದ್ಧಿಯಲ್ಲಿ ತೊಡಗಬೇಕು ಎನ್ನುತ್ತದೆ. ಬೇಡ ಎನ್ನುವುದಿಲ್ಲ. ನನ್ನ ತಕರಾರು ಇಷ್ಟೇ: ನೋಟುಪುಸ್ತಕಕ್ಕೆ ಪದ ಕೊಟ್ಟ ಅತಿಥಿ ಶಿಕ್ಷಕಿಯ ಗಂಟೆಗಳನ್ನು ಎಲ್ಲಿಯೂ ಯಾರೂ ಎಣಿಸಲಿಲ್ಲ. ನನ್ನ ಮೊಬೈಲ್‌ನಲ್ಲಿ ಮೂವತ್ತು ಪ್ರಮಾಣಪತ್ರ ಇದ್ದರೆ ಅದರಲ್ಲಿ ಹನ್ನೆರಡು ಅವಳವೂ ಹೌದು. ದೀಕ್ಷಾದಲ್ಲಿ ಖಾತೆ ತೆರೆಯುವುದಕ್ಕೆ ಯಾರಿಗೂ ಅಡ್ಡಿಯಿಲ್ಲ ಎಂಬುದು ಸಮಾಧಾನ. ಕಳೆದ ವರ್ಷ ಅವಳ ಹೆಸರಿನಲ್ಲೂ ಒಂದನ್ನು ತೆರೆದೆವು. ಈ ಸಲ ಎರಡು ಮಾಡಿಕೊಳ್ಳಲಿಲ್ಲ.

ಅಂಕ ಕೊಡಲೇಬೇಕೆಂದರೆ: ಮೊದಲ ಸುತ್ತಿಗೆ ಐದರಲ್ಲಿ ಎರಡೂವರೆ, ಕಳೆದ ಎರಡೂವರೆಯೂ ನನ್ನದೇ ಸೋಮಾರಿತನದ್ದು. ಬುನಾದಿ ಸಾಕ್ಷರತೆಯ ಹನ್ನೆರಡಕ್ಕೆ ನಾಲ್ಕು. ಒಂಟಿಯಾಗಿ ನೋಡುವವರು ಅದರಿಂದ ಒಂದು ಕಳೆದುಕೊಳ್ಳಿ. ಖಾಸಗಿ ಚಂದಾಕ್ಕೆ ಒಂದು, ಆ ನಲವತ್ತು ನಿಮಿಷಕ್ಕಾಗಿ.

ಚಂದಾ ಮತ್ತೆ ಕಟ್ಟಿಲ್ಲ. ಬಹುಭಾಷೆಯ ಮಾಡ್ಯೂಲ್‌ನಿಂದ ಡೌನ್‌ಲೋಡ್ ಮಾಡಿಟ್ಟುಕೊಂಡ ವಿಡಿಯೊಗಳನ್ನು ಮೊದಲಿನಿಂದ ನೋಡಲು ಶುರು ಮಾಡಿದ್ದೇವೆ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ. ಈ ಸಲ ಅಡುಗೆಯ ಅಕ್ಕನೂ ಬಂದು ಕೂರುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ, ವಿಡಿಯೊದಲ್ಲಿ ಕಂಡ ಮಕ್ಕಳಿಗೆಲ್ಲ ಊಟವಾಗಿದೆಯೇ ಎಂದು ಕೇಳುತ್ತಾಳೆ.