ಹೊರಗೆ ಕನ್ನಡ, ಒಳಗೆ ಕಲಸುಮೇಲೋಗರ: ನೆಮೊದ ಥಂಬ್‌ನೇಲ್‌ಗಳ ಜೊತೆ ಆರು ವರ್ಷ

ಫೈಲಿಗೆ ಹೆಸರಿಡುವ ವಿಷಯದಲ್ಲಿ ನಾನು ಶುದ್ಧ ಸೋಮಾರಿ. ಮೂವತ್ತು ವರ್ಷ ಮಕ್ಕಳಿಗೆ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಬಡಿದುಕೊಂಡವನ ಗಣಕದಲ್ಲಿ ‘ಹೊಸದು’, ‘ಹೊಸದು 2’, ‘ಕೊನೆಯದು’, ‘ಕೊನೆಯದು ಸರಿ ಮಾಡಿದ್ದು’ ಎಂಬ ಫೈಲುಗಳೇ ತುಂಬಿಕೊಂಡಿವೆ. ಹೆಸರು ನೋಡಿ ಏನನ್ನೂ ಹುಡುಕುವಂತಿಲ್ಲ. ಹಾಗಾಗಿ ಫೈಲನ್ನು ತೆರೆಯುವ ಮೊದಲೇ ಅದರ ಮೊದಲ ಪುಟವನ್ನು ಬೆರಳುಗಾತ್ರದಲ್ಲಿ ತೋರಿಸುವ ಥಂಬ್‌ನೇಲ್ ನನ್ನ ಪಾಲಿನ ಊರುಗೋಲು. (ಕಿರುಚಿತ್ರ ಎನ್ನೋಣವೆಂದರೆ ಆ ಪದವನ್ನು ಸಿನಿಮಾದವರು ಆಗಲೇ ಹಿಡಿದುಬಿಟ್ಟಿದ್ದಾರೆ.)

ನಿವೃತ್ತನಾದ 2019ರಲ್ಲಿ ಹಳೆಯ ಗಣಕ ಕೆಟ್ಟಿತು. ಪಿಂಚಣಿಯ ಲೆಕ್ಕ ಹಾಕಿ, ಬೇರೆಯವರು ಬಳಸಿ ಬಿಟ್ಟ ಒಂದು ಗಣಕವನ್ನು ಕೊಂಡೆ. ಅದರಲ್ಲಿ ವಿಂಡೋಸ್ ಬದಲಿಗೆ ದುಡ್ಡು ಕೇಳದ ಲಿನಕ್ಸ್ ಮಿಂಟ್ ಹಾಕಿಸಿದೆ. ಮಿಂಟ್ ಹೇಗೆ, ಎಷ್ಟು ಬೇಗ ಏಳುತ್ತದೆ ಎಂಬುದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ. ಅದರಲ್ಲಿ ಫೈಲುಗಳನ್ನು ತೋರಿಸುವ ನೆಮೊ ಎಂಬ ತಂತ್ರಾಂಶವಿದೆಯಲ್ಲ, ನನ್ನ ಮಾತೆಲ್ಲ ಅದರ ಬಗ್ಗೆ.

ಬೆಳಿಗ್ಗೆ ನಲ್ಲಿ ನೀರು ಹಿಡಿದು, ಚಹಾ ಲೋಟದೊಂದಿಗೆ ಗಣಕದ ಮುಂದೆ ಕೂರುತ್ತೇನೆ. ಒಂದು ಫೋಲ್ಡರ್ ತೆರೆದು, ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಮೌಸಿನ ಗಾಲಿಯನ್ನು ಮೇಲಕ್ಕೆ ತಿರುಗಿಸುತ್ತೇನೆ. ಚೌಕಗಳು ದೊಡ್ಡದಾಗುತ್ತವೆ. ಮೊದಲು ಎಲ್ಲವೂ ಒಂದೇ ಥರದ ಬೋಳು ಕಾಗದ. ನೋಡುತ್ತಿದ್ದಂತೆ ಅಲ್ಲೊಂದು ಇಲ್ಲೊಂದು ಪುಟ ಅರಳುತ್ತದೆ, ಆಮೇಲೆ ಸಾಲುಸಾಲಾಗಿ. ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಹೀಗೆಯೇ ಅರಳುವುದು. ಒಮ್ಮೆ ಅರಳಿದ ಚಿತ್ರವನ್ನು ಗಣಕ ತನ್ನ ಗುಪ್ತ ಫೋಲ್ಡರೊಂದರಲ್ಲಿ ಇಟ್ಟುಕೊಳ್ಳುವುದರಿಂದ ಮರುದಿನ ಕಾಯಬೇಕಿಲ್ಲ. ಫೈಲಿನ ಹೆಸರನ್ನೋ ಜಾಗವನ್ನೋ ಬದಲಿಸಿದರೆ ಮಾತ್ರ ಮತ್ತೆ ಹೊಸದಾಗಿ ಹುರಿಯುತ್ತದೆ, ಏಕೆಂದರೆ ಚಿತ್ರವನ್ನು ಅದು ನೆನಪಿಡುವುದು ಫೈಲಿನ ಪೂರ್ತಿ ವಿಳಾಸದ ಮೇಲೆ.

ಇನ್ನು ಬೈಗುಳ. ಸ್ಕ್ಯಾನ್ ಮಾಡಿಟ್ಟ ಸೇವಾ ದಾಖಲೆಗಳ ಪಿಡಿಎಫ್‌ಗಳಿಗೆ ಮೊದಮೊದಲು ಚಿತ್ರವೇ ಬರುತ್ತಿರಲಿಲ್ಲ. ‘ಇಷ್ಟಕ್ಕಿಂತ ದೊಡ್ಡ ಫೈಲಿಗೆ ಥಂಬ್‌ನೇಲ್ ಬೇಡ’ ಎಂಬ ಮಿತಿಯೊಂದು ನೆಮೊದ ಆದ್ಯತೆಗಳಲ್ಲಿ ಅವಿತು ಕುಳಿತಿದೆ ಎಂದು ತಿಳಿಯಲು ನನಗೆ ಎಂಟು ತಿಂಗಳು ಹಿಡಿಯಿತು. ಏರಿಸಿದ ಮೇಲೆ ಸರಿಹೋಯಿತು. ಈಗ ತಲೆಬರಹದಲ್ಲಿ ‘ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ ಆ ಆದೇಶ 1997ಕ್ಕಿಂತ ಹಿಂದಿನದು, ನಮ್ಮದು ಬೇರೆ ಜಿಲ್ಲೆಯಾಗುವ ಮೊದಲಿನದು ಎಂದು ದೂರದಿಂದಲೇ ಗೊತ್ತಾಗುತ್ತದೆ. ವರ್ಡ್‌ನಲ್ಲಿ ಮಾಡಿದ ಫೈಲುಗಳ ಕಥೆ ಬೇರೆ. ಉಳಿಸುವಾಗ ಥಂಬ್‌ನೇಲನ್ನೂ ಉಳಿಸು ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ಅವುಗಳೊಳಗೆ ಚಿತ್ರವೇ ಇರುವುದಿಲ್ಲ. ಆ ಗುರುತು ಹಾಕುವ ಒಬ್ಬ ಗುಮಾಸ್ತರನ್ನೂ ನಾನು ಇದುವರೆಗೆ ಕಂಡಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ಪ್ರಶ್ನೆಪತ್ರಿಕೆಗಳು. ಥಂಬ್‌ನೇಲ್ ತೋರಿಸುವುದು ಮೊದಲ ಪುಟ. ನನ್ನ ಶಾಲೆಯ ಪ್ರಶ್ನೆಪತ್ರಿಕೆಗಳ ಮೊದಲ ಪುಟದಲ್ಲಿ ಅದೇ ಲಾಂಛನ, ಅದೇ ಶಾಲೆಯ ಹೆಸರು, ಅದೇ ‘ಕೆಳಗಿನ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಿ’. ಅರವತ್ತು ಪತ್ರಿಕೆಗಳು ಸಮವಸ್ತ್ರ ತೊಟ್ಟು ಪ್ರಾರ್ಥನೆಗೆ ನಿಂತ ಹುಡುಗರಂತೆ ಕಾಣುತ್ತವೆ. ಯಾರು ಎಂಟನೆಯ ತರಗತಿ, ಯಾರು ಹತ್ತನೆಯದು ಎಂದು ಹೇಳುವುದು ಹೇಗೆ? ಐದಕ್ಕೆ ಎರಡು ಅಂಕ ಕೊಟ್ಟು ಈ ಬರಹವನ್ನು ಇಲ್ಲಿಗೇ ಮುಗಿಸುತ್ತಿದ್ದೆ, ನುಡಿ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶದ ಪ್ರಸಂಗ ನಡೆಯದಿದ್ದರೆ.

ಹಳೆಯ ಗಣಕದಲ್ಲಿ ವಿಂಡೋಸ್ ಇತ್ತು. 2009ರಿಂದ ಅದರಲ್ಲಿ ನುಡಿ ಬಳಸಿ, ಓಪನ್ ಆಫೀಸ್‌ನಲ್ಲಿ ಬೆರಳಚ್ಚು ಮಾಡುತ್ತಿದ್ದೆ. ಅಂಗಡಿಯವನು ಅದರ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಿಕೊಟ್ಟ. ಮನೆಗೆ ಬಂದು ಒಂದು ಫೈಲ್ ತೆರೆದರೆ, ಕನ್ನಡದ ಒಂದಕ್ಷರವೂ ಇಲ್ಲ. ತಲೆಯ ಮೇಲೆ ಗೀಟು, ಚುಕ್ಕೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಇನ್ನೂ ಕೆಲವನ್ನು ತೆರೆದೆ, ಅವೂ ಹಾಗೆಯೇ. ಗಾಬರಿಯಲ್ಲಿ ಉಳಿಸುವ ಗುಂಡಿಯನ್ನೂ ಒತ್ತಿದೆ. ಅಂಗಡಿಗೆ ಹೊತ್ತೊಯ್ದರೆ, “ವೈರಸ್ ತಿಂದಿದೆ ಸರ್, ಅಳಿಸಿಬಿಡಿ, ಜಾಗವಾದರೂ ಉಳಿಯುತ್ತದೆ” ಎಂದ. ಹತ್ತು ವರ್ಷದ ಬರಹ!

ಅದೇ ವಾರ ಅಕ್ಕನ ಮಗ ಬಂದಿದ್ದ. ಆಗ ಓಪನ್ ಆಫೀಸ್ ಉಳಿಸುವ ಓಡಿಟಿ ಫೈಲುಗಳಿಗೆ ಥಂಬ್‌ನೇಲ್ ಬರುತ್ತಿರಲಿಲ್ಲ; ಲಿಬ್‌ಜಿಎಸ್‌ಎಫ್-ಬಿನ್ ಎಂಬ ಒಂದು ಪುಟ್ಟ ಪ್ಯಾಕೇಜ್ ಹಾಕಿ ಅದನ್ನು ಬರಿಸಿದ. ಫೋಲ್ಡರ್ ತೆರೆದೆವು. ಒಂದೊಂದೇ ಅರಳಿತು, ಅಚ್ಚ ಕನ್ನಡದಲ್ಲಿ! ದಪ್ಪಕ್ಷರದ ‘ಕನಕ ಜಯಂತಿ’ ಚೆನ್ನಾಗಿಯೇ ಓದಲು ಬಂತು. ಆ ಚಿತ್ರದ ಮೇಲೆ ಎರಡು ಸಲ ಒತ್ತಿ ಒಳಹೊಕ್ಕರೆ ಮತ್ತೆ ಅದೇ ಟೋಪಿ ಹೊತ್ತವರ ಸಂತೆ.

“ಮಾವ, ಇದು ವೈರಸ್ ಅಲ್ಲ. ನುಡಿಯ ಫಾಂಟ್ ಇಲ್ಲಿಲ್ಲ, ಅಷ್ಟೇ” ಎಂದು ಅವನು ಬಿಡಿಸಿ ಹೇಳಿದ. ಓಡಿಟಿ ಫೈಲ್ ಎಂದರೆ ಜಿಪ್ ಮಾಡಿದ ಚೀಲ. ನಾನು ಉಳಿಸಿದಾಗಲೆಲ್ಲ ಆಫೀಸ್ ತಂತ್ರಾಂಶ ಮೊದಲ ಪುಟದ ಪುಟ್ಟ ಚಿತ್ರ ತೆಗೆದು ಅದೇ ಚೀಲದೊಳಗೆ ಇಡುತ್ತದೆ. ಉದ್ದದ ಬದಿ 256 ಪಿಕ್ಸೆಲ್, ಅಷ್ಟೇ ಗಾತ್ರ. ನೆಮೊ ಅದನ್ನು ಹೊರಗೆಳೆದು ತೋರಿಸುತ್ತದೆ. 2011ರಲ್ಲಿ ನುಡಿ ಇದ್ದ ಗಣಕದಲ್ಲಿ ತೆಗೆದ ಚಿತ್ರಕ್ಕೆ ಇವತ್ತು ಫಾಂಟಿನ ಹಂಗಿಲ್ಲ. ಹಳೆಯ ನುಡಿಯಲ್ಲಿ ಒಳಗಿರುವ ಸಂಕೇತಗಳು ಇಂಗ್ಲಿಷ್ ಅಕ್ಷರಗಳವು. ಕನ್ನಡದ ವೇಷ ತೊಡಿಸುವುದು ಫಾಂಟ್. ವೇಷ ಕಳಚಿದ್ದರಿಂದ ನನಗೆ ವೈರಸ್ಸಿನಂತೆ ಕಂಡಿತ್ತು. ನಾನು ಗಾಬರಿಯಲ್ಲಿ ಉಳಿಸಿದ್ದ ನಾಲ್ಕು ಫೈಲುಗಳ ಥಂಬ್‌ನೇಲ್ ಮಾತ್ರ ಸಂತೆಯಾಗಿಯೇ ಇದ್ದವು, ಏಕೆಂದರೆ ಉಳಿಸಿದೊಡನೆ ಹಳೆಯ ಚಿತ್ರದ ಜಾಗಕ್ಕೆ ಹೊಸದು ಬಂದಿತ್ತು. ಫಾಂಟ್ ತಂದು ಹಾಕಿ, ಮತ್ತೆ ತೆರೆದು ಉಳಿಸಿದ ಮೇಲೆ ಅವೂ ಕನ್ನಡಕ್ಕೆ ಮರಳಿದವು. ಇಂಥ ಹಳೆಯ ಫೈಲುಗಳಿದ್ದವರು ಫಾಂಟ್ ಹಾಕುವವರೆಗೆ ಉಳಿಸುವ ಗುಂಡಿಯಿಂದ ಕೈ ದೂರವಿಡಿ.

ಫಾಂಟ್ ಬಂದ ಮೇಲೂ ಥಂಬ್‌ನೇಲಿನ ಉಪಕಾರ ತೀರಲಿಲ್ಲ. ಹುಡುಕು ಪೆಟ್ಟಿಗೆಯಲ್ಲಿ ‘ಕುವೆಂಪು’ ಎಂದು ಕೊಟ್ಟರೆ ಆ ಹಳೆಯ ಫೈಲುಗಳಲ್ಲಿ ಒಂದೂ ಸಿಗುವುದಿಲ್ಲ. ನಾನು ಕೊಡುವುದು ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್ ಕನ್ನಡ, ಅಲ್ಲಿರುವುದು ವೇಷದ ಕನ್ನಡ. ಹೆಸರಿನಿಂದ ಹುಡುಕೋಣವೆಂದರೆ ಎಲ್ಲವೂ ‘ಹೊಸದು’. ಉಳಿದದ್ದು ಕಣ್ಣು. ಭಾಷಣವಾದರೆ ಪುಟ ಒತ್ತಾಗಿರುತ್ತದೆ, ವಚನವಾದರೆ ಸಾಲು ಗಿಡ್ಡ, ಸಹಕಾರ ಸಂಘದ ಲೆಕ್ಕವಾದರೆ ಚೌಕುಳಿ. ಓದಲಾಗದಷ್ಟು ಸಣ್ಣದಿದ್ದರೂ ಆಕಾರ ಸುಳ್ಳು ಹೇಳುವುದಿಲ್ಲ. ಎರಡಂಕವನ್ನು ನಾಲ್ಕಕ್ಕೆ ಏರಿಸಿದ್ದೇನೆ. ಐದನೆಯದನ್ನು ಆ ಪ್ರಶ್ನೆಪತ್ರಿಕೆಗಳು ಕಿತ್ತುಕೊಂಡವು.

ಕಳೆದ ತಿಂಗಳು ಸಂಜೆ ನಮ್ಮವಳು ಮಂಡಕ್ಕಿ ಬಟ್ಟಲು ಹಿಡಿದು ಹಿಂದೆ ಬಂದು ನಿಂತಳು. ಪರದೆಯ ಮೇಲೆ ಎಣ್ಣೆಗೈಯನ್ನೇ ಇಟ್ಟು, “ಇದು ನಾನು ಹೇಳಿ ಬರೆಸಿದ್ದಲ್ಲವೇ?” ಎಂದಳು. ನಾಲ್ಕು ನಾಲ್ಕು ಸಾಲು, ನಡುವೆ ಖಾಲಿ ಜಾಗ, ಮತ್ತೆ ನಾಲ್ಕು ಸಾಲು. ತೆರೆದೆ. 2012ರಲ್ಲಿ ಅವಳು ತನ್ನ ತಾಯಿಯಿಂದ ಕಲಿತಿದ್ದ ಸೋಬಾನೆ ಪದಗಳನ್ನು ಹೇಳುತ್ತ ಹೋಗಿದ್ದಳು, ನಾನು ಬೆರಳಚ್ಚು ಮಾಡಿದ್ದೆ, ಇಬ್ಬರೂ ಮರೆತಿದ್ದೆವು. ಮೂರನೆಯ ನುಡಿಯಲ್ಲಿ ನಾನು ಒಂದು ಸಾಲನ್ನೇ ಬಿಟ್ಟಿದ್ದೇನೆ ಎಂದು ಅಲ್ಲೇ ತಪ್ಪು ಹಿಡಿದಳು. ಅದನ್ನು ಸೇರಿಸಿ, ಇಡೀ ಫೈಲನ್ನು ಯೂನಿಕೋಡ್‌ಗೆ ಬದಲಿಸಿ ಉಳಿಸಿದೆ. ಹೆಸರು ಈಗಲೂ ‘ಹೊಸದು 3’.