ಹೂಮಳೆ ಬಿದ್ದ ಮೇಲೆ ಗರಸು ರಸ್ತೆಯಲ್ಲಿ: ಹಿಮಾಲಯನ್ 411 ಮತ್ತು ಎಕ್ಸ್‌ಪಲ್ಸ್ 200

ಮಾರ್ಚ್ ಮೂರನೇ ವಾರ ಮೂಡಿಗೆರೆ ಕಡೆ ಹೋಗಿದ್ದೆವು, ನಾನು ಮತ್ತು ಗೆಳೆಯ. ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಬಿಎಸ್6 ಹೊಗೆ ನಿಯಮದ ಮಾದರಿ. ಅವನದು 2022ರ ಹೀರೊ ಎಕ್ಸ್‌ಪಲ್ಸ್ 200 4ವಿ. ಅವನ ಚಿಕ್ಕಪ್ಪನ ಕಾಫಿ ತೋಟದಲ್ಲಿ ಉಳಿದುಕೊಂಡು ಮೂರು ದಿನ ಬೈಕ್ ಬದಲಾಯಿಸಿಕೊಂಡು ಓಡಿಸಿದೆವು. ಬೆಳಿಗ್ಗೆ ನನ್ನ ಬೈಕಲ್ಲಿ ಹತ್ತಿದ ಏರನ್ನೇ ಮಧ್ಯಾಹ್ನ ಅವನ ಬೈಕಲ್ಲಿ ಹತ್ತಿದೆ. ಈ ಎರಡರಲ್ಲಿ ಯಾವುದು ತಗೊಳ್ಳಲಿ ಅಂತ ಕೇಳುವವರು ತುಂಬ ಜನ, ಆದರೆ ಅವರಿಗೆ ಸಿಗುವುದು ಕಂಪನಿ ಕೊಟ್ಟ ಅಂಕಿಗಳು ಮಾತ್ರ. ಆ ಅಂಕಿಗಳು ಬೆಟ್ಟದ ಗರಸು ರಸ್ತೆಯಲ್ಲಿ ನಮ್ಮ ಕೈಗೂ ಸೊಂಟಕ್ಕೂ ಹೇಗೆ ತಿಳಿದವು ಅನ್ನುವುದನ್ನು ಹೇಳುತ್ತೇನೆ.

ಮೊದಲು ಹೈವೇ. ಬೆಂಗಳೂರಿಂದ ಹಾಸನ, ಬೇಲೂರು ದಾಟಿ ಮೂಡಿಗೆರೆಗೆ ಸುಮಾರು 250 ಕಿಮೀ. ಇಲ್ಲಿ ಹಿಮಾಲಯನ್ ಸುಲಭವಾಗಿ ಗೆದ್ದಿತು. 90ರಲ್ಲಿ ಆರಾಮಾಗಿ ಕೂತು ಹೋಗಬಹುದು, ಎರಡೂ ಕಡೆ ಬ್ಯಾಗ್ ಕಟ್ಟಿದರೂ ಅಲುಗಾಡುವುದಿಲ್ಲ. ಎಕ್ಸ್‌ಪಲ್ಸ್ 80 ದಾಟಿದ ಮೇಲೆ ಅಂಗೈ ಜುಮ್ಮೆನ್ನಲು ಶುರುವಾಗುತ್ತದೆ. ಅಷ್ಟೇ, ನಾವು ಹೋಗಿದ್ದು ಹೈವೇ ನೋಡಲಿಕ್ಕಲ್ಲ.

ನಾವು ಹೋಗುವ ಒಂದು ವಾರ ಮೊದಲು ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದಿತ್ತು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಹೂ ಬಿಡುತ್ತದೆ, ಗುಡ್ಡವೆಲ್ಲ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ ಹೆಲ್ಮೆಟ್ ಒಳಗೂ ಬರುತ್ತದೆ. ಎರಡು ಮೂರು ದಿನದ ಸಂಭ್ರಮ ಅದು. ಆದರೆ ರಸ್ತೆಯ ಲೆಕ್ಕ ಬೇರೆ. ಮಳೆ ಬಿದ್ದ ಒಂದೆರಡು ದಿನ ಗರಸು ಗಟ್ಟಿಯಾಗಿ ಕೂತಿರುತ್ತದೆ, ಟೈರಿಗೆ ಒಳ್ಳೆ ಹಿಡಿತ. ಆಮೇಲೆ ಬಿಸಿಲಿಗೆ ಒಣಗಿ, ಪಿಕಪ್ಪು ಜೀಪು ಓಡಾಡಿ ಸಣ್ಣ ಮಣ್ಣೆಲ್ಲ ಹಾರಿಹೋಗಿ ಕಲ್ಲು ಮಾತ್ರ ಮೇಲೆ ಉಳಿಯುತ್ತದೆ. ಗೋಲಿ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ. ಹೂ ನೋಡಲು ಹೋಗುವವರಿಗೆ ಸಿಗುವುದು ಹೆಚ್ಚಾಗಿ ಈ ರಸ್ತೆಯೇ.

ಏರಿನಲ್ಲಿ ಎಕ್ಸ್‌ಪಲ್ಸ್ ಹಗುರ, ಅದೇ ಚೆನ್ನಾಗಿ ಹತ್ತುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಹಿಮಾಲಯನ್ನಿನ 32 ಎನ್‌ಎಂ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಎಂಜಿನ್ ನಿಧಾನವಾಗಿ ತಿರುಗುವಾಗಲೇ, 4,000–4,500 ಆರ್‌ಪಿಎಂನಲ್ಲೇ ಸಿಗುತ್ತದೆ. ಎರಡನೇ ಗೇರಲ್ಲಿ ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿ ಹಿಡಿದರೆ ಎತ್ತಿನ ಗಾಡಿ ಥರ ನಿಧಾನವಾಗಿ, ಹಿಂದಿನ ಚಕ್ರ ಜಾರದೆ ಹತ್ತುತ್ತದೆ. ಎಕ್ಸ್‌ಪಲ್ಸ್‌ನದು 17.35 ಎನ್‌ಎಂ, ಅದೂ 6,500ರ ಹತ್ತಿರ. ಮೊದಲನೇ ಗೇರಿಗಿಳಿದು ರೇಸ್ ಮಾಡಬೇಕು, ಕ್ಲಚ್ಚಲ್ಲಿ ಆಟವಾಡಿಸಬೇಕು, ಒಂಚೂರು ಜಾಸ್ತಿ ಕೊಟ್ಟರೆ ಚಕ್ರ ನಿಂತಲ್ಲೇ ತಿರುಗಿ ಕಲ್ಲು ಹಿಂದಕ್ಕೆ ಚಿಮ್ಮುತ್ತದೆ. ಕೈ ಕುದುರಿದವರಿಗೆ ಕಷ್ಟವಲ್ಲ, ಗೆಳೆಯ ಆರಾಮಾಗಿ ಹತ್ತಿಸಿದ. ನನಗೆ ಅರ್ಧ ದಿನ ಬೇಕಾಯಿತು.

ಇಳಿಜಾರು ಬಂತು, ಎಲ್ಲ ತಲೆಕೆಳಗಾಯಿತು. ಹಿಮಾಲಯನ್ ತೂಕ 199 ಕೆಜಿ, ಎಕ್ಸ್‌ಪಲ್ಸ್ 158. 41 ಕೆಜಿ ವ್ಯತ್ಯಾಸ ಅಂದರೆ ಒಂದು ಕಾಫಿ ಮೂಟೆಗಿಂತ ಸ್ವಲ್ಪ ಕಡಿಮೆ. ಇಳಿಯುವಾಗ ಆ ಮೂಟೆ ಹಿಂದಿನಿಂದ ನೂಕುತ್ತಲೇ ಇರುತ್ತದೆ. ಎರಡನೇ ದಿನ ಒಂದು ಹಿಮ್ಮುರಿ ತಿರುವಲ್ಲಿ, ವೇಗ 15 ಕೂಡ ಇರಲಿಲ್ಲ, ನನ್ನ ಬೈಕಿನ ಮುಂದಿನ ಚಕ್ರ ಕಲ್ಲಿನ ಮೇಲೆ ಮೆತ್ತಗೆ ಜಾರಿತು, ಕಾಲು ಕೊಟ್ಟೆ, ಆದರೆ ಒಂದು ಹಂತ ದಾಟಿ ವಾಲಿದ ಮೇಲೆ ಆ ತೂಕ ಹಿಡಿಯಲು ಆಗುವುದಿಲ್ಲ, ಮಲಗಿಸಿಬಿಟ್ಟೆ. ಪೆಟ್ಟೇನೂ ಆಗಲಿಲ್ಲ. ಇಳಿಜಾರಿನ ಕಡೆಗೆ ಬಿದ್ದಿದ್ದರಿಂದ ಒಬ್ಬನೇ ಎತ್ತಲು ಆಗದೆ ಗೆಳೆಯ ವಾಪಸ್ ಬರುವ ತನಕ ಕಾದೆ. ಮಾರನೇ ದಿನ ಎಕ್ಸ್‌ಪಲ್ಸನ್ನೂ ಬೀಳಿಸಿದೆ, ಒಂದು ಕೊರಕಲಿನಲ್ಲಿ. ಎತ್ತಿ, ಸ್ಟಾರ್ಟ್ ಮಾಡಿ, ಹೊರಟೆ. ಒಂದು ನಿಮಿಷ ಹಿಡಿದಿರಬೇಕು. ಒಬ್ಬರೇ ಹೋಗುವವರು ಈ ಒಂದು ವಿಷಯವನ್ನು ಬೇರೆಲ್ಲದಕ್ಕಿಂತ ಮೊದಲು ಯೋಚಿಸಬೇಕು ಅಂತ ನನ್ನ ಅನಿಸಿಕೆ.

ಬ್ರೇಕಿನ ಮಾತೂ ಇಲ್ಲೇ ಬರುತ್ತದೆ. ಗರಸಿನ ಇಳಿಜಾರಲ್ಲಿ ಹಿಂದಿನ ಚಕ್ರಕ್ಕೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ) ಇದ್ದರೆ ಬ್ರೇಕ್ ಒತ್ತಿದರೂ ಬೈಕ್ ನಿಲ್ಲದೆ ಹೋಗುತ್ತಿರುತ್ತದೆ, ಎದೆ ಝಲ್ಲೆನ್ನುತ್ತದೆ. ಹಿಮಾಲಯನ್‌ನಲ್ಲಿ ಅದನ್ನು ಆಫ್ ಮಾಡುವ ಬಟನ್ ಇದೆ. ಆದರೆ ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಎಬಿಎಸ್ ಬಂದುಬಿಡುತ್ತದೆ, ಪ್ರತಿ ಸಲ ಒತ್ತಬೇಕು. ಫೋಟೊ ತೆಗೆಯಲು ನಿಂತು ಹೊರಟಾಗ ಎರಡು ಸಲ ಮರೆತೆ. ಅವನ ಎಕ್ಸ್‌ಪಲ್ಸ್‌ನಲ್ಲಿ ಎಬಿಎಸ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ, ಹಾಗಾಗಿ ಆ ತಲೆನೋವೇ ಇಲ್ಲ. ಯಾವ ಬೈಕಾದರೂ ಇಳಿಯುವಾಗ ಒಂದು ಅಥವಾ ಎರಡನೇ ಗೇರಲ್ಲಿ ಎಂಜಿನ್ನೇ ತಡೆಯಲಿ, ಕ್ಲಚ್ ಹಿಡಿಯಬೇಡಿ.

ಇನ್ನು ಗಾಳಿ. ನಿಜ ಹೇಳಬೇಕೆಂದರೆ ಬೈಕ್ ಬದಲಾಯಿಸಿದ್ದಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡಿದ್ದು ಟೈರಿನ ಗಾಳಿ ಇಳಿಸಿದಾಗ. ಮೊದಲ ದಿನ ಬೆಂಗಳೂರಲ್ಲಿ ತುಂಬಿಸಿದ ಗಾಳಿಯಲ್ಲೇ ಓಡಿಸಿ ಎರಡೂ ಬೈಕುಗಳನ್ನು ಬೈದುಕೊಂಡೆವು. ಮಾರನೇ ದಿನ ಮುಂದೆ 22, ಹಿಂದೆ 24 ಪಿಎಸ್‌ಐಗೆ ಇಳಿಸಿದೆವು. ಅದೇ ರಸ್ತೆ, ಬೇರೆ ರಸ್ತೆಯ ಹಾಗಿತ್ತು. ಹ್ಯಾಂಡಲ್ ಕೈಯಲ್ಲಿ ಕುಣಿಯುವುದು ನಿಂತಿತು. ಇನ್ನೂ ಚೆನ್ನಾಗಿರುತ್ತೆ ಅಂತ ಗೆಳೆಯ ಮುಂದಿನದನ್ನು 18ಕ್ಕೆ ಇಳಿಸಿದ. ಒಂದು ಚೂಪುಗಲ್ಲಿಗೆ ಬಡಿದು ರಿಮ್ ಮತ್ತು ಕಲ್ಲಿನ ಮಧ್ಯೆ ಟ್ಯೂಬ್ ಸಿಕ್ಕಿಕೊಂಡು ಎರಡು ಕಡೆ ಸೀಳಿತು. ಎರಡೂ ಬೈಕಿಗೆ ಕಡ್ಡಿ ಚಕ್ರ, ಒಳಗೆ ಟ್ಯೂಬು, ಆದ್ದರಿಂದ 20ರ ಕೆಳಗೆ ಹೋಗಬೇಡಿ.

ಅಲ್ಲಿ ಒಂದು ಒಳ್ಳೆಯ ವಿಷಯ ಗೊತ್ತಾಯಿತು. ಎರಡೂ ಬೈಕಿನ ಮುಂದಿನ ಟೈರ್ ಒಂದೇ ಅಳತೆ, 90/90-21. ನಾನು ತಂದಿದ್ದ ಟ್ಯೂಬ್ ಅವನಿಗೆ ಸರಿಯಾಗಿ ಹೊಂದಿತು. ಹಿಂದಿನದು ಹಿಮಾಲಯನ್‌ಗೆ 17 ಇಂಚು, ಎಕ್ಸ್‌ಪಲ್ಸ್‌ಗೆ 18. ತೀರಾ ಕಷ್ಟ ಬಂದರೆ 21 ಇಂಚಿನ ಟ್ಯೂಬನ್ನೇ ಮಡಿಸಿ ಹಿಂದಿನ ಟೈರಿಗೂ ಹಾಕಿ ಊರು ಮುಟ್ಟಬಹುದು, ಹಾಗಾಗಿ ಒಂದೇ ಒಯ್ಯುವುದಾದರೆ ಮುಂದಿನದನ್ನು ಒಯ್ಯಿರಿ. ಪಂಚರ್ ಹಾಕುವಾಗ ಹಿಮಾಲಯನ್ನಿನ ಸೆಂಟರ್ ಸ್ಟ್ಯಾಂಡ್ ಎಷ್ಟು ಬೆಲೆಬಾಳುವ ವಸ್ತು ಅಂತಲೂ ತಿಳಿಯಿತು. ಗೆಳೆಯನ ಬೈಕಿಗೆ ಅದಿಲ್ಲ, ಕಲ್ಲು ಜೋಡಿಸಿ ನಿಲ್ಲಿಸಿದೆವು.

ಗೆಳೆಯನ ತಂಗಿಯೂ ಓಡಿಸಿದಳು, ಐದಡಿ ಮೂರಿಂಚು ಎತ್ತರ. ಹಿಮಾಲಯನ್ ಸೀಟು 800 ಮಿಮೀ, ಎಕ್ಸ್‌ಪಲ್ಸ್‌ನದು 823, ಅಂದರೆ ಅವಳಿಗೆ ಹಿಮಾಲಯನ್ನೇ ಒಳ್ಳೆಯದು ಅಲ್ವಾ? ಅವಳು ಎಕ್ಸ್‌ಪಲ್ಸ್‌ನಿಂದ ಕೆಳಗಿಳಿಯಲೇ ಇಲ್ಲ. ಬೆರಳ ತುದಿ ಮಾತ್ರ ನೆಲಕ್ಕೆ ತಾಗಿದರೂ ವಾಲಿದಾಗ ಹಿಡಿಯಬಲ್ಲೆ, ಹಿಮಾಲಯನ್‌ನಲ್ಲಿ ಪಾದ ಪೂರ್ತಿ ತಾಗಿದರೂ ಹಿಡಿಯಲಾರೆ ಅಂದಳು.

ಇನ್ನೊಂದು ಮಾತು, ಬೈಕಿಗೆ ಸಂಬಂಧವಿಲ್ಲದ್ದು. ಹೂ ಬಿಟ್ಟ ದಿನಗಳಲ್ಲಿ ತೋಟದ ಪಕ್ಕ ನಿಧಾನವಾಗಿ ಹೋಗಿ. ರೊಬಸ್ಟಾ ಕಾಫಿ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಗಾಳಿ ಮತ್ತು ಜೇನು ಆ ಕೆಲಸ ಮಾಡುವ ಹೊತ್ತು ಅದು. ನಾವು ಎಬ್ಬಿಸಿದ ಕೆಂಪು ಧೂಳು ರಸ್ತೆ ಬದಿಯ ಹೂವಿನ ಮೇಲೆ ಕೂರುವುದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಗೇಟು ಇರುವ ರಸ್ತೆಗಳು ತೋಟದವರದ್ದು, ತೋಟ ನೋಡಿಕೊಳ್ಳುವ ರೈಟರನ್ನು ಕೇಳಿಯೇ ಒಳಗೆ ಹೋಗಿ.

ಹಾಗಾದರೆ ಯಾವುದು? ಬೆಂಗಳೂರಿಂದಲೇ ಓಡಿಸಿಕೊಂಡು ಹೋಗಿ, ಲಗೇಜು ಹೊತ್ತು, ಜೊತೆಗೆ ಒಬ್ಬರಾದರೂ ಇದ್ದು, ದಿನಕ್ಕೆ 20–30 ಕಿಮೀ ಗರಸು ಸಾಕು ಅನ್ನುವವರು ಹಿಮಾಲಯನ್ ನೋಡಿ. ಹೊಸ ಹಿಮಾಲಯನ್ 450 ಬಂದ ಮೇಲೆ 2023ರಲ್ಲೇ 411 ತಯಾರಿಕೆ ನಿಂತಿದ್ದರಿಂದ ಸೆಕೆಂಡ್ ಹ್ಯಾಂಡೇ ಗತಿ. ಚಿಕ್ಕಮಗಳೂರು, ಹಾಸನ, ಸಕಲೇಶಪುರದ ಕಡೆಯವರೇ ಆಗಿದ್ದರೆ, ಅಥವಾ ಒಬ್ಬರೇ ಸುತ್ತುವವರಾದರೆ, ಎರಡು ಸಲ ಯೋಚಿಸದೆ ಎಕ್ಸ್‌ಪಲ್ಸ್. ನಾನು ನನ್ನ ಹಿಮಾಲಯನ್ ಮಾರುವುದಿಲ್ಲ. ಆದರೆ ಕೊನೆಯ ದಿನ ದೇವರಮನೆ ಗುಡ್ಡದ ಕಡೆ ಹೊರಟಾಗ ಗೆಳೆಯನ ಹತ್ತಿರ ಎಕ್ಸ್‌ಪಲ್ಸ್ ಕೀ ಕೇಳಿ ಇಸ್ಕೊಂಡೆ, ಸಂಜೆ ತನಕ ವಾಪಸ್ ಕೊಡಲಿಲ್ಲ.