ನವೋದಯ, ಆದರ್ಶ, ಕಾನ್ವೆಂಟ್: ಮೂರಕ್ಕೂ ಮಕ್ಕಳನ್ನ ಕಳಿಸಿ ನೋಡಿದವಳ ಮಾತು

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ನವೋದಯಕ್ಕೆ, ಅಂದ್ರೆ ಕೇಂದ್ರ ಸರ್ಕಾರದ ಹಾಸ್ಟೆಲ್ ಶಾಲೆಗೆ. ಮಗ ಅಲ್ಲೇ ಓದ್ತಿರೋದು, ಈಗ ಹನ್ನೊಂದನೇ ಕ್ಲಾಸು. ಮಗಳು ತಾಲ್ಲೂಕಿನ ಆದರ್ಶ ವಿದ್ಯಾಲಯದಲ್ಲಿ (ಸರ್ಕಾರದ್ದೇ, ಆದ್ರೆ ಮನೆಯಿಂದ ದಿನಾ ಹೋಗಿ ಬರೋ ಶಾಲೆ) ಎಂಟನೇ ಕ್ಲಾಸು. ಮಧ್ಯದಲ್ಲಿ ನಾಲ್ಕು ತಿಂಗಳು ಅವಳು ಪೇಟೆ ಕಾನ್ವೆಂಟಿಗೂ ಹೋಗಿ ಬಂದಳು, ಆ ನಾಲ್ಕು ತಿಂಗಳಿಂದಾನೇ ಇಷ್ಟುದ್ದ ಬರೀಬೇಕಾಗಿ ಬಂದಿರೋದು.

ನಮ್ದು ಮೆಕ್ಕೆಜೋಳ, ಸ್ವಲ್ಪ ಅಡಿಕೆ. ನಾನು ಮನೇಲಿ ಬ್ಲೌಸ್ ಹೊಲಿತೀನಿ. ಊರಲ್ಲಿ ಏಳನೇ ಕ್ಲಾಸ್ ತನಕ ಸರ್ಕಾರಿ ಶಾಲೆ ಇದೆ, ಮೇಷ್ಟ್ರು ಒಳ್ಳೆಯವರು. ಮಗ ಐದರಲ್ಲಿದ್ದಾಗ ಅವರೇ ನವೋದಯದ ಆರನೇ ಕ್ಲಾಸಿನ ಪರೀಕ್ಷೆಗೆ ಫಾರ್ಮ್ ಹಾಕಿಸಿದ್ದು. ಎಂಬತ್ತು ಪ್ರಶ್ನೆ, ನೂರು ಮಾರ್ಕು, ಎರಡು ಗಂಟೆ. ಅದರಲ್ಲಿ ಅರ್ಧ ಮಾರ್ಕು ಚಿತ್ರ ನೋಡಿ ಹೊಂದಿಸೋ ಥರದ್ದು, ಉಳಿದಿದ್ದು ಲೆಕ್ಕ ಮತ್ತೆ ಭಾಷೆ. ಕನ್ನಡದಲ್ಲೇ ಬರೀಬಹುದು. ಕೋಚಿಂಗ್ ಗೀಚಿಂಗ್ ಏನೂ ಇಲ್ಲ, ಹಳೇ ಪ್ರಶ್ನೆ ಪತ್ರಿಕೆ ಜೆರಾಕ್ಸ್ ಮಾಡಿಸಿ ರಾತ್ರಿ ಕೂರಿಸ್ತಿದ್ದೆ ಅಷ್ಟೇ. ಸಿಕ್ಬಿಡ್ತು. ಅದಕ್ಕೇ ಮಗಳ ಸರದಿ ಬಂದಾಗ ನಾನು ಮೈಮರೆತಿದ್ದು.

ಮಗಳು ಮೂರನೇ ಕ್ಲಾಸಿಗೆ ಬಂದ ಜೂನ್‌ನಲ್ಲಿ ನಾದಿನಿ ಹಠ ಹಿಡಿದು ಅವಳನ್ನ ಪೇಟೆಗೆ ಕರ್ಕೊಂಡು ಹೋದ್ಲು. ಇಂಗ್ಲಿಷ್ ಮೀಡಿಯಂ, ಟೈ, ಶೂ, ವ್ಯಾನು. ವರ್ಷಕ್ಕೆ 28 ಸಾವಿರ, ಅರ್ಧ ಮೊದಲೇ ಕಟ್ಟಿದ್ವಿ. ಮಗು ದಿನಾ ರಾತ್ರಿ ಫೋನ್ ಹಿಡ್ಕೊಂಡು ಅಳೋಳು, ತೂಕ ಇಳೀತು, ದಸರಾ ರಜೆಗೆ ಬಂದವಳು ವಾಪಸ್ ಹೋಗಲ್ಲ ಅಂತ ಕಂಬ ಹಿಡ್ಕೊಂಡು ಕೂತ್ಲು. ಸರಿ, ಟಿಸಿ ತಗೊಂಡು ನಮ್ಮೂರ ಶಾಲೆಗೇ ಸೇರಿಸಿದ್ವಿ. ಕಟ್ಟಿದ್ದ 14 ಸಾವಿರ ಹೋಯ್ತು, ಹೋಗ್ಲಿ ಬಿಡು ಅಂದ್ಕೊಂಡ್ವಿ. ಕಾನ್ವೆಂಟ್ ಬಗ್ಗೆ ನನ್ನ ಹೋಲಿಕೆ ಇಷ್ಟೇ.

ಎರಡು ವರ್ಷ ಆದ್ಮೇಲೆ ನವೋದಯ ಫಾರ್ಮಿಗೆ ಹೆಡ್‌ಮೇಷ್ಟ್ರ ಸಹಿ ಬೇಕು ಅಂತ ಹೋದೆ. ಮೂರು, ನಾಲ್ಕು, ಐದು ಈ ಮೂರು ಕ್ಲಾಸು ಎಲ್ಲೆಲ್ಲಿ ಓದಿದ್ದು, ಆ ಊರು ಗ್ರಾಮೀಣನಾ ನಗರನಾ ಅಂತ ಅವರು ತುಂಬಿ ಸಹಿ ಹಾಕ್ಬೇಕು. ದಾಖಲಾತಿ ರಿಜಿಸ್ಟರ್ ತೆಗೆದವರು ಒಂದು ಸಾಲಿನ ಮೇಲೆ ಬೆರಳಿಟ್ಟು ಹಾಗೇ ನಿಂತ್ಬಿಟ್ರು. "ನೋಡ್ರಿ ಅಮ್ಮ, ಈ ಮಗು ಮೂರನೇ ಕ್ಲಾಸಲ್ಲಿ ಟಿಸಿ ಮೇಲೆ ಬಂದಿದೆ, ಪೇಟೆ ಶಾಲೆಯಿಂದ." ಹೌದು ಸಾರ್, ನಾಲ್ಕೇ ತಿಂಗಳು ಅಂದೆ. "ನಾಲ್ಕು ತಿಂಗಳು ಯಾಕೆ, ಒಂದು ದಿನ ಓದಿದ್ರೂ ನಗರ ಅಂತಾನೇ ಲೆಕ್ಕ" ಅಂದ್ರು.

ನಂಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು. ನಾವು ಹುಟ್ಟಿದ್ದು ಬೆಳೆದಿದ್ದು ಹಳ್ಳಿ, ಮನೆ ಮುಂದೆ ಎಮ್ಮೆ ಕಟ್ಟಿದೆ, ನಮ್ಮ ಮಗಳು ಪೇಟೆಯವಳು ಹೆಂಗಾಗ್ತಾಳೆ? ಮೇಷ್ಟ್ರು ಫೋನಲ್ಲಿ ನಿಯಮ ತೆಗೆದು ತೋರಿಸಿದ್ರು. ಒಂದು ನವೋದಯಕ್ಕೆ ಆರನೇ ಕ್ಲಾಸಿಗೆ 80 ಸೀಟು. ಅದರಲ್ಲಿ ಕನಿಷ್ಠ ಮುಕ್ಕಾಲು ಭಾಗ, ಅಂದ್ರೆ 60 ಸೀಟು ಹಳ್ಳಿ ಮಕ್ಕಳಿಗೆ. ಹಳ್ಳಿ ಮಗು ಅಂದ್ರೆ ಆ ಮೂರೂ ವರ್ಷ ಪೂರ್ತಿ ಹಳ್ಳಿ ಶಾಲೇಲೇ ಓದಿರಬೇಕು. ಉಳಿದ 20ಕ್ಕೆ ಪೇಟೆ ಮಕ್ಕಳು, 60ರಲ್ಲಿ ಬರದ ಹಳ್ಳಿ ಮಕ್ಕಳು ಎಲ್ಲರೂ ಸೇರಿ ಗುದ್ದಾಡ್ಬೇಕು. ಅದರೊಳಗೇ ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಅಣ್ಣ 60ರ ಸಾಲಲ್ಲಿ ನಿಂತಿದ್ದ, ತಂಗಿ 20ರ ಸಾಲಿಗೆ ಹೋದ್ಲು. ಅದೇ ಮನೆ, ಅದೇ ಮೇಷ್ಟ್ರು.

ನಾಚಿಕೆ ಬಿಟ್ಟು ಕೇಳಿದೆ, ಸಾರ್ ಮೂರನೇ ಕ್ಲಾಸೂ ಇಲ್ಲೇ ಅಂತ ಬರೆದ್ರೆ ಆಗಲ್ವಾ ಅಂತ. ಅವರು ಪೆನ್ನು ಮುಚ್ಚಿ ಟೇಬಲ್ ಮೇಲಿಟ್ರು. ಬೈಲಿಲ್ಲ. "ಸೆಲೆಕ್ಟ್ ಆದ್ಮೇಲೆ ದಾಖಲೆ ಚೆಕ್ ಮಾಡ್ತಾರೆ, ಆವಾಗ ತೆಗೆದುಹಾಕಿದ್ರೆ ಮಗೂಗೆ ಏನು ಹೇಳ್ತೀರಿ" ಅಂದ್ರು ಅಷ್ಟೇ. ನಗರ ಅಂತಾನೇ ತುಂಬಿದ್ವಿ. ಪರೀಕ್ಷೆ ಚೆನ್ನಾಗೇ ಬರೆದಿದ್ಲು, ಹೆಸರು ಬರ್ಲಿಲ್ಲ. ಆರನೇ ಕ್ಲಾಸಿನ ಪರೀಕ್ಷೆ ಇನ್ನೊಂದ್ಸಲ ಬರೆಯೋ ಹಾಗಿಲ್ಲ, ಒಂದೇ ಚಾನ್ಸು.

ನಿಯಮ ತಪ್ಪು ಅಂತ ನಾನು ಹೇಳಲ್ಲ. 1986ರ ಶಿಕ್ಷಣ ನೀತಿಯಲ್ಲಿ ಹಳ್ಳಿ ಮಕ್ಕಳನ್ನೇ ಮನಸ್ಸಲ್ಲಿಟ್ಕೊಂಡು ಮಾಡಿದ್ದು ಇದು, ಗೆರೆ ಎಲ್ಲಾದ್ರೂ ಹಾಕ್ಲೇಬೇಕಲ್ಲ. ಆದ್ರೆ ಆ ಗೆರೆ ಶಾಲೆ ಎಲ್ಲಿದೆ ಅಂತ ನೋಡುತ್ತೆ, ಅಪ್ಪನ ಜೇಬು ನೋಡಲ್ಲ. ಮಗನ್ನ ನೋಡೋಕೆ ಹೋದ ಭಾನುವಾರ ಗೇಟ್ ಹತ್ರ ನಿಂತ್ಕೊಂಡ್ರೆ ಗೊತ್ತಾಗುತ್ತೆ, ಲಗೇಜ್ ಆಟೋದಲ್ಲಿ ಬಂದವರೂ ಇರ್ತಾರೆ, ಕಾರಲ್ಲಿ ಬಂದ ಮೇಷ್ಟ್ರು, ಪಿಡಿಓ, ಪೊಲೀಸ್ನೋರೂ ಇರ್ತಾರೆ. ಹೆಸರು ಮಾತ್ರ ಹಳ್ಳಿ ಶಾಲೇಲಿಟ್ಟು ಮಗೂನ ಪೇಟೆ ಕೋಚಿಂಗಲ್ಲಿ ಕೂರಿಸಿದವರನ್ನೂ ನೋಡಿದೀನಿ, ಅವರ ಕಾಗದ ಎಲ್ಲಾ ಸರಿ ಇರುತ್ತೆ. ಕಾಗದ ಸರಿ ಇಲ್ದಿದ್ದು ನಂದೊಂದೇ. (ಚಿಕ್ಕ ಮಕ್ಕಳಿರೋರು ದಯವಿಟ್ಟು ಮೂರನೇ ಕ್ಲಾಸಿಂದ ಐದನೇ ಕ್ಲಾಸ್ ತನಕ ಮಗೂನ ಅಲ್ಲಾಡಿಸ್ಬೇಡಿ. ಐದನೇ ಕ್ಲಾಸು ನಿಮ್ಮ ಜಿಲ್ಲೆಯಲ್ಲೇ ಓದಿರಬೇಕು, ಅದೂ ನೆನಪಿರ್ಲಿ.)

ಇನ್ನು ರಿಸಲ್ಟು. ಎಲ್ಲರೂ ಕೇಳೋದು ಇದನ್ನೇ. 2024ರಲ್ಲಿ ದೇಶದ ನವೋದಯಗಳ ಹತ್ತನೇ ಕ್ಲಾಸ್ ಸಿಬಿಎಸ್‌ಇ ಪಾಸು 99.09%, ಅದೇ ವರ್ಷ ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ 73.40%. ಇದನ್ನ ಪಕ್ಕಪಕ್ಕ ಇಟ್ಟು ನೋಡ್ರೀ ನೋಡ್ರೀ ಅನ್ನೋರಿಗೆ ನಾನು ಹೇಳೋದು, ಜರಡಿ ಹಿಡಿದು ದಪ್ಪ ಕಾಳು ಆರಿಸಿ ಬಿತ್ತಿದ ಹೊಲಕ್ಕೂ ಸಿಕ್ಕಿದ್ದೆಲ್ಲಾ ಎರಚಿದ ಹೊಲಕ್ಕೂ ಇಳುವರಿ ಹೋಲಿಸ್ತೀರಾ? ಎಸ್‌ಎಸ್‌ಎಲ್‌ಸಿಗೆ ಎಲ್ಲ ಮಕ್ಕಳೂ ಕೂರ್ತಾರೆ. ಹೋಲಿಸೋದಾದ್ರೆ ಆದರ್ಶದ ಜೊತೆ ಹೋಲಿಸಿ, ಅಲ್ಲೂ ಆರನೇ ಕ್ಲಾಸಿಗೆ ಪರೀಕ್ಷೆ ಬರೆಸಿ 80 ಮಕ್ಕಳನ್ನ ತಗೊಳ್ತಾರೆ. ನನ್ನ ಎರಡು ಮಕ್ಕಳ ಪುಸ್ತಕ ತೆಗೆದು ನೋಡಿದ್ರೆ ಮಗಳ ಲೆಕ್ಕ ಮಗನಿಗಿಂತ ಚುರುಕು, ಇಂಗ್ಲಿಷ್ ಇಬ್ಬರದೂ ಅಷ್ಟಕ್ಕಷ್ಟೇ.

ಆದರ್ಶ ರಾಜ್ಯ ಸಿಲಬಸ್, ಇಂಗ್ಲಿಷ್ ಮೀಡಿಯಂ, ಹತ್ತಕ್ಕೆ ಮುಗಿಯುತ್ತೆ. ಆಮೇಲೆ ಪಿಯು ಕಾಲೇಜು ಹುಡುಕ್ಬೇಕು, ಈಗಿನ ಪಿಯು ಫೀಸು ನೆನೆಸ್ಕೊಂಡ್ರೆ ಹೊಟ್ಟೆ ತೊಳಸುತ್ತೆ. ನವೋದಯ ಹನ್ನೆರಡರ ತನಕ ಒಂದೇ ಕಡೆ.

ಖರ್ಚು: ಮಗನಿಗೆ ಊಟ, ಹಾಸ್ಟೆಲ್ಲು, ಬಟ್ಟೆ, ಪುಸ್ತಕ ಎಲ್ಲಾ ಅವರದೇ. ಒಂಬತ್ತನೇ ಕ್ಲಾಸಿಂದ ಮಾತ್ರ ವಿಕಾಸ ನಿಧಿ ಅಂತ ಶಾಲೆಗೆ ತಿಂಗಳಿಗೆ 600 ಇದೆ, ನಮ್ದು ಎಪಿಎಲ್ ಕಾರ್ಡು ಅದಕ್ಕೆ ಕಟ್ತೀವಿ. ಹೆಣ್ಣುಮಕ್ಕಳಿಗೆ ಅದೂ ಇಲ್ಲ, ಅಂದ್ರೆ ಮಗಳಿಗೆ ಸಿಕ್ಕಿದ್ರೆ ಪೂರ್ತಿ ಫ್ರೀ. ಆದರ್ಶದಲ್ಲಿ ಫೀಸು ಅನ್ನೋ ಥರ ಏನಿಲ್ಲ, ಆದ್ರೆ ಸಂಜೆ ಟ್ಯೂಷನ್ 700, ನೋಟ್ ಬುಕ್ಕು, ಬಸ್ ತಪ್ಪಿದ ದಿನ ಆಟೋ, ಎಲ್ಲಾ ಸೇರಿ ಮನೇಲಿರೋ ಮಗಳಿಗೇ ಜಾಸ್ತಿ ಆಗುತ್ತೆ. ಇದನ್ನ ನಮ್ಮನೆಯವರು ಇನ್ನೂ ನಂಬಲ್ಲ.

ನವೋದಯಕ್ಕೆ ನಾನು ಮನಸೋತಿದ್ದು ಮಾರ್ಕಿಗಲ್ಲ, ಮೈಗ್ರೇಶನ್‌ಗೆ. ಒಂಬತ್ತನೇ ಕ್ಲಾಸಲ್ಲಿ ನೂರಕ್ಕೆ ಮೂವತ್ತು ಮಕ್ಕಳನ್ನ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಒಂದು ವರ್ಷ ಕಳಿಸ್ತಾರೆ, ಅಲ್ಲಿಂದ ಇಲ್ಲಿಗೂ ಬರ್ತಾರೆ. ನನ್ನ ಮಗ ಹೋಗ್ಲಿಲ್ಲ, ಹೆಸರು ಬರದಿರ್ಲಿ ಅಂತ ನಾನೇ ಹರಕೆ ಹೊತ್ತಿದ್ದೆ. ಆದ್ರೆ ಅವನಿರೋ ನೀಲಗಿರಿ ಹೌಸಿಗೆ (ಹಾಸ್ಟೆಲ್ ಮಕ್ಕಳ ಒಂದು ಗುಂಪಿನ ಹೆಸರು) ಹಿಂದಿ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಅಷ್ಟು ದೂರದಿಂದ ಅವನನ್ನ ನೋಡೋಕೆ ಯಾರು ಬರ್ತಾರೆ, ಭಾನುವಾರ ನಮ್ಮ ಜೊತೆನೇ ಮರದ ಕೆಳಗೆ ಕೂರೋನು. ಮೊದಲ ಸಲ ಮಂಡಕ್ಕಿನ ಒಂದೊಂದೇ ಕಾಳು ಎತ್ಕೊಂಡು ತಿಂದ, ಮೆಣಸಿನಕಾಯಿ ಬಜ್ಜಿ ಕಚ್ಚಿ ಕಣ್ಣಲ್ಲಿ ನೀರು. ಬೇಸಿಗೆ ರಜೆ ಹತ್ರ ಬಂದಾಗ ಅದೇ ಹುಡುಗ ಪೇಪರ್ ಮುಂದೆ ಚಾಚಿ "ಆಂಟಿ, ಇನ್ನೊಂದ್ ಸ್ವಲ್ಪ ಹಾಕ್ರಿ, ಖಾರ ಇರ್ಲಿ" ಅಂದ, ಪಕ್ಕಾ ನಮ್ಮ ಕಡೆ ರಾಗದಲ್ಲಿ. ಇದು ಆದರ್ಶದಲ್ಲಿ ಸಿಗಲ್ಲ, ಮಗಳ ಕ್ಲಾಸಲ್ಲಿ ಇರೋರೆಲ್ಲಾ ಸುತ್ತಮುತ್ತ ಇಪ್ಪತ್ತು ಕಿಲೋಮೀಟರ್‌ನೋರು, ಅರ್ಧ ಜನ ನೆಂಟರೇ.

ಹಾಗಂತ ಎಲ್ಲರಿಗೂ ನವೋದಯ ಅಂತ ಹೇಳಲ್ಲ. ಮಗೂನ ದಿನಾ ನೋಡ್ಲೇಬೇಕು ಅನ್ನೋರು ಆದರ್ಶಕ್ಕೇ ಹೋಗಿ. ನಾನು ಕತ್ತಲಾಗೋ ತನಕ ಮಷಿನ್ ಮೇಲೆ ಇರೋಳು, ಹೋಮ್‌ವರ್ಕ್ ನೋಡೋಕೆ ಪುರುಸೊತ್ತಿಲ್ಲ, ಅದಕ್ಕೆ ನಂಗೆ ಹಾಸ್ಟೆಲ್ ಶಿಸ್ತು ಸರಿ ಅನ್ಸುತ್ತೆ.

ಈಗ ಒಂಬತ್ತನೇ ಕ್ಲಾಸಿಗೆ ಖಾಲಿ ಸೀಟಿಗೆ ಇನ್ನೊಂದು ಪರೀಕ್ಷೆ ಇದೆ, ಲ್ಯಾಟರಲ್ ಎಂಟ್ರಿ ಅಂತಾರೆ. ಲೆಕ್ಕ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಮಗಳಿಗೆ ಹೇಳಿದೆ. ಅವಳು ಬ್ಲೌಸಿಗೆ ಹುಕ್ ಹಾಕ್ತಾ ತಲೆ ಎತ್ತದೇ "ಅಲ್ಲಿ ಬೆಳಗ್ಗೆ ಐದಕ್ಕೇ ಎಬ್ಬಿಸ್ತಾರಂತೆ ಹೌದಾ" ಅಂದ್ಲು. ಬೇಡ ಅಂತೂ ಅನ್ಲಿಲ್ಲ. ಫಾರ್ಮು ಅರ್ಧ ತುಂಬಿದೀನಿ, ಫೋಟೋ ಸೈಜು ಜಾಸ್ತಿ ಅಂತ ತಗೊಳ್ತಿಲ್ಲ, ನಾಳೆ ಸೈಬರ್‌ಗೆ ಹೋಗ್ಬೇಕು.